ಸ್ಪೇನಿನ ತತ್ವಜ್ಞಾನಿಯೂ ಒಂದು ಜೊತೆ ಕಾಲುಚೀಲವೂ

ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವಳಿಗೆ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಯ ಕೆಲಸ ಸಿಕ್ಕಿತು ಎಂದರೆ ಈಗಿನ ಹುಡುಗರು ನಗುತ್ತಾರೆ. ಆಗ ಯಾರೂ ನಗುತ್ತಿರಲಿಲ್ಲ. ಊರಿಗೆ ಊರೇ ಕಂಪ್ಯೂಟರ್ ಹುಚ್ಚು ಹಿಡಿಸಿಕೊಂಡಿದ್ದ ಕಾಲ ಅದು. ಅಮೀರ್‌ಪೇಟೆಯ ಯಾವುದಾದರೂ ಮಹಡಿಯ ಮೇಲೆ ಒಂದು ಕೋರ್ಸು ಮುಗಿಸಿ, ಸಂದರ್ಶನದಲ್ಲಿ ಕುರ್ಚಿಯಿಂದ ಕೆಳಗೆ ಬೀಳದೆ ಕೂತರೆ ಸಾಕು, ಕೆಲಸ ಕೊಡುತ್ತಿದ್ದರು. ನನಗೆ ಕೊಟ್ಟದ್ದು ಟೆಸ್ಟಿಂಗ್. ಅಂದರೆ ಇನ್ನೊಬ್ಬರು ಬೆವರು ಸುರಿಸಿ ಬರೆದ ಪ್ರೋಗ್ರಾಮನ್ನು ನಂಬದೇ ಇರುವುದು. ‘ಎಲ್ಲ ಸರಿಯಾಗಿದೆ’ ಎಂದು ಅವರು ಬೀಗುತ್ತಾ ತಂದುಕೊಟ್ಟದ್ದನ್ನು ಹಿಂಡಿ ಹಿಪ್ಪೆ ಮಾಡಿ, ತಪ್ಪು ಹುಡುಕಿ, ಅವರ ಮುಖ ಸಣ್ಣದು ಮಾಡಿ ಕಳಿಸುವುದು. ಹುಟ್ಟಾ ಜಗಳಗಂಟಿಯಾದ ನನಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಕೆ? ಕೊಂಕು ತೆಗೆಯುವುದಕ್ಕೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದರು.

ಆ ಕಾಲದಲ್ಲಿ ಕಾಚಿಗೂಡದ ಹಿರಿಯರೊಬ್ಬರ ಮನೆಯ ಮಾಳಿಗೆಯ ಮೇಲೆ ತಿಂಗಳಿಗೊಂದು ಭಾನುವಾರ ನಾವು ಕನ್ನಡದವರು ಸೇರುತ್ತಿದ್ದೆವು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಅವರ ಹೆಂಡಂದಿರು, ಬೆಂಗಳೂರು ಮೈಸೂರು ಮಂಗಳೂರು ಕಡೆಯಿಂದ ಬಂದ ನಮ್ಮಂಥ ಕಂಪನಿಯವರು. ಮೊದಲು ಭಾಷಣ, ಆಮೇಲೆ ಮಿರ್ಚಿ ಭಜಿ ಮತ್ತು ಚಹಾ. ಬಹಳ ಜನ ಬರುತ್ತಿದ್ದದ್ದು ಆಮೇಲಿನದಕ್ಕೇ. ಒಂದು ಸಲ ಆ ಹಿರಿಯರು ನನ್ನನ್ನು ಹಿಡಿದು ನಿಲ್ಲಿಸಿದರು.

“ಏನ್ರೀ ಬಾಯಾರ, ತತ್ವಶಾಸ್ತ್ರ ಓದೀರಂತ. ಮುಂದಿನ ಸಲ ನೀವ ಮಾತಾಡ್ರಿ. ಆದ್ರ ನಮ್ಮ ಆಚಾರ್ಯರನ್ನ ಮಾತ್ರ ಮುಟ್ಟಬ್ಯಾಡ್ರಿ, ಜಗಳ ಆಗ್ತಾವ. ದೂರದವರನ್ನ ಯಾರನ್ನರ ತಗೋರಿ.”

ದೂರದವರೆಂದರೆ ಸ್ಪೇನ್ ಸಾಕಷ್ಟು ದೂರವಿತ್ತು. ಅಲ್ಲಿಯ ಒಬ್ಬ ತತ್ವಜ್ಞಾನಿಯನ್ನು ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಓದಿ ಮೆಚ್ಚಿದ್ದೆ. ಹೆಸರು ಹೇಳಲು ಹೋದರೆ ನಾಲಿಗೆ ತೊಡರುತ್ತದೆ, ಬಿಡಿ. ಪತ್ರಿಕೆ ನಡೆಸುವ ಮನೆತನದಲ್ಲಿ ಹುಟ್ಟಿದವನು. ಪ್ರಾಧ್ಯಾಪಕನಾದರೂ ಬರೆಯುತ್ತಿದ್ದದ್ದು ದಿನಪತ್ರಿಕೆಗೆ, ಬೆಳಗ್ಗೆ ಕಾಫಿ ಕುಡಿಯುತ್ತಾ ಓದುವ ಜನಕ್ಕೆ. ಅವನ ಕಣ್ಣೆದುರಿಗೇ ಸ್ಪೇನಿನಲ್ಲಿ ರಾಜ ಹೋದ, ಗಣರಾಜ್ಯ ಬಂತು. ಅದಕ್ಕಾಗಿ ಇವನೂ ಓಡಾಡಿದ. ಆಮೇಲೆ ‘ನಾನು ಬಯಸಿದ್ದು ಇದಲ್ಲ’ ಎಂದು ಬೇಸರಪಟ್ಟು ಸುಮ್ಮನಾದ. ಅಷ್ಟರಲ್ಲಿ ಅಣ್ಣತಮ್ಮಂದಿರೇ ಒಬ್ಬರನ್ನೊಬ್ಬರು ಕೊಲ್ಲುವ ಯುದ್ಧ ಶುರುವಾಯಿತು. ಕಾಯಿಲೆ ಮೈಯಲ್ಲಿಯೇ ದೇಶ ಬಿಟ್ಟು ಪ್ಯಾರಿಸ್, ಅರ್ಜೆಂಟೀನಾ, ಪೋರ್ಚುಗಲ್ ಎಂದು ವರ್ಷಗಟ್ಟಲೆ ಅಲೆದ. ಅಷ್ಟು ಸಲ ನೆಲ ಕುಸಿದದ್ದನ್ನು ನೋಡಿದವನಿಗೆ, ಮನುಷ್ಯ ಅಸಲಿಗೆ ಯಾವುದರ ಮೇಲೆ ನಿಂತಿರುತ್ತಾನೆ ಎಂಬ ಪ್ರಶ್ನೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಅವನು ಹೇಳಿದ್ದು ಸರಳ. ವಿಚಾರ ಬೇರೆ, ನಂಬಿಕೆ ಬೇರೆ. ವಿಚಾರವನ್ನು ನಾವು ಮಾಡಿಕೊಂಡಿರುತ್ತೇವೆ. ಅದನ್ನು ನಾಲ್ಕು ಜನರ ಮುಂದೆ ಇಡಬಹುದು, ವಾದ ಮಾಡಬಹುದು, ನಾಳೆ ಬಿಟ್ಟೂ ಬಿಡಬಹುದು. ನಂಬಿಕೆ ಕಾಲ ಕೆಳಗೆ ಇರುತ್ತದೆ. ಅದರ ಮೇಲೆಯೇ ನಿಂತಿರುವುದರಿಂದ ಅದು ನಮಗೆ ಕಾಣುವುದಿಲ್ಲ. ‘ನಾನು ಇಂಥದ್ದನ್ನು ನಂಬುತ್ತೇನೆ’ ಎಂದು ಬಾಯಿಬಿಟ್ಟು ಹೇಳುವುದೆಲ್ಲ ಬಹುಪಾಲು ವಿಚಾರವೇ. ನಿಜವಾದ ನಂಬಿಕೆ ಹೇಳುವ ಗೋಜಿಗೇ ಹೋಗುವುದಿಲ್ಲ. ಇದಕ್ಕೆ ಅವನು ಒಂದು ಉದಾಹರಣೆ ಕೊಡುತ್ತಾನೆ: ಮನೆಯಿಂದ ಹೊರಡುವವನು, ಬಾಗಿಲಾಚೆ ಬೀದಿ ಇದೆಯೋ ಇಲ್ಲವೋ ಎಂದು ಯೋಚನೆ ಮಾಡಿ ಹೊರಡುವುದಿಲ್ಲ. ಇದ್ದೇ ಇರುತ್ತದೆ ಎಂದು ನಡೆದುಬಿಡುತ್ತಾನೆ.

ಇದನ್ನು ಮತ್ತೆ ಓದಿದಾಗ ನಾನು ಒಬ್ಬಳೇ ಕೂತು ನಕ್ಕೆ. ಪುಣ್ಯಾತ್ಮ ಮಣಿಕೊಂಡ ನೋಡಿರಲಿಲ್ಲ. ನಾವಿದ್ದದ್ದು ಊರಂಚಿನ ಆ ಹೊಸ ಬಡಾವಣೆಯಲ್ಲಿ, ಇನ್ನೂ ಅರ್ಧ ಬಣ್ಣ ಬಳಿಯದ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ನೋಡಬೇಕಾದದ್ದೇ ಬೀದಿ ಇದೆಯೇ ಎಂದು. ನೀರಿನ ಪೈಪಿಗೆ ಒಮ್ಮೆ, ಕೇಬಲ್ಲಿಗೆ ಒಮ್ಮೆ, ಏನೂ ಕಾರಣವಿಲ್ಲದೆ ಒಮ್ಮೆ, ಅದನ್ನು ಅಗೆದುಹಾಕುತ್ತಿದ್ದರು. ಭೂಮಿ ಹುಟ್ಟಿದಾಗಿನಿಂದ ಕೂತಿದ್ದ ಬಂಡೆಗಳನ್ನು ಮಧ್ಯಾಹ್ನ ಊಟದ ಹೊತ್ತಿಗೆ ಸಿಡಿಮದ್ದಿಟ್ಟು ಎಬ್ಬಿಸುತ್ತಿದ್ದರು. ‘ದೊಡ್ಡ ಬಂಡೆ ದಾಟಿ ಎಡಕ್ಕೆ ಬನ್ನಿ’ ಎಂದು ಸೋಮವಾರ ವಿಳಾಸ ಹೇಳಿದರೆ ಗುರುವಾರ ಬರುವವರಿಗೆ ಬಂಡೆ ಸಿಗುತ್ತಿರಲಿಲ್ಲ. ಭಾಷಣ ಇದರಿಂದಲೇ ಶುರು ಮಾಡುವುದೆಂದು ಆಗಲೇ ಗೊತ್ತುಮಾಡಿಕೊಂಡೆ.

ಇಷ್ಟೆಲ್ಲ ತಮಾಷೆ ಮಾಡುತ್ತಿದ್ದವಳು ಆಗ ಬಸುರಿ. ಆರು ತುಂಬುತ್ತಾ ಬಂದು ಏಳನೇ ತಿಂಗಳು ಹತ್ತಿರವಾಗಿತ್ತು. ಏಳನೇ ತಿಂಗಳು ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ಮಾತು ಬದಲಿಸುತ್ತಿದ್ದರು. ಹಿಂದಿನ ಸಲ, ಲಿಂಗಂಪಲ್ಲಿಯ ಬಾಡಿಗೆ ಮನೆಯಲ್ಲಿದ್ದಾಗ, ಆ ತಿಂಗಳಲ್ಲಿಯೇ ಮಗು ಹೊಟ್ಟೆಯೊಳಗೇ ಹೋಗಿಬಿಟ್ಟಿತ್ತು. ಆಗ ನಾವಿಬ್ಬರೂ ಭಾರೀ ಉತ್ಸಾಹದಲ್ಲಿ ತೊಟ್ಟಿಲು, ಸೊಳ್ಳೆಪರದೆ, ಟೊಪ್ಪಿಗೆ, ಕಿಲಕಿಲ ಎನ್ನುವ ಆಟಿಕೆ ಎಲ್ಲ ತಂದು ತುಂಬಿದ್ದೆವು. ಆಸ್ಪತ್ರೆಯಿಂದ ಮನೆಗೆ ಬಂದಾಗ ಒಂದು ಮೂಲೆ ಪೂರ್ತಿ ಖಾಲಿಯಾಗಿತ್ತು. ನನ್ನ ಗಂಡ ತೆಗೆದಿರಬೇಕು ಎಂದುಕೊಂಡೆ. ಕೇಳಲಿಲ್ಲ. ಅವನೂ ಹೇಳಲಿಲ್ಲ.

ಈ ಸಲ ಡಾಕ್ಟರು ಪ್ರಯಾಣವೇ ಬೇಡ ಎಂದರು. ಹೆರಿಗೆಗೆ ತವರಿಗೆ ಹೋಗುವಂತಿಲ್ಲ. ಸರಿ, ತವರನ್ನೇ ರಾಯಚೂರಿನಲ್ಲಿ ರೈಲು ಹತ್ತಿಸಿ ಕಾಚಿಗೂಡದಲ್ಲಿ ಇಳಿಸಿಕೊಂಡೆವು. ಅವ್ವ ಬಂದಳು. ಒಂದು ಗಂಟು ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ಮೈಸೂರಿನವನಾದ ನನ್ನ ಗಂಡನ ಹಲ್ಲಿನ ಮೇಲೆ ಕನಿಕರಪಟ್ಟು ಒಂದಿಷ್ಟು ಮೆತ್ತನೆಯ ಹೋಳಿಗೆ. ಬಂದವಳು ಕೈಕಾಲು ತೊಳೆದು ಚಹಾ ಕುಡಿದು ಕೂರಬೇಕೋ ಬೇಡವೋ? ಕಪಾಟು ತೆಗೆದಳು. ಮಂಚದ ಕೆಳಗೆ ಬಗ್ಗಿದಳು. ಕುರ್ಚಿ ಹತ್ತಿ ಅಟ್ಟದ ಮೇಲೂ ಇಣುಕಿದಳು.

“ಏನ್ ಹುಡುಕಾಕತ್ತೀ ಬೇ?” ಎಂದೆ.

“ಏನಿಲ್ಲ. ಜಿರಳಿ.”

“ಸಿಕ್ಕ್ವೇನು?”

“ಇಲ್ಲ. ಭಾಳ ಸ್ವಚ್ಛ ಇಟ್ಟೀದಿ,” ಎಂದು ಸಮಾಧಾನದಿಂದ ಕೂತಳು. ರೊಟ್ಟಿಯ ಗಂಟು ಬಿಚ್ಚುತ್ತಾ, ಹವಾಮಾನದ ಸುದ್ದಿ ಹೇಳುವವರ ಹಾಗೆ ಹೇಳಿದಳು: “ಕೂಸು ಕೈಗೆ ಬರೂತನಕ ಈ ಮನ್ಯಾಗ ಕೂಸಿಂದು ಅಂತ ಒಂದು ದಾರ ಸೈತ ಬರಬಾರದು.”

ನನಗೆ ರೇಗಿತು. ನಂಬಿಕೆಯ ಮೇಲೆ ಭಾಷಣ ಮಾಡಲು ಹೊರಟವಳ ಮನೆಯಲ್ಲೇ ಇದೇನು? “ತೊಟ್ಟಲಾ ತಂದ್ರ ಏನಾಕ್ಕೈತಿ? ತೊಟ್ಟಲಾ ಹೋಗಿ ಯಮಗ ಫೋನ್ ಮಾಡ್ತೈತೇನು?” ಎಂದೆ.

“ಬಿಡ್ತು ಅನ್ನು! ಬಾಯಿಗೆ ಒಂದು ಬೀಗ ಇಲ್ಲ ನಿನಗ.”

“ಕಾರಣ ಹೇಳು. ಕಾರಣ ಇದ್ರ ಕೇಳ್ತೀನಿ.”

“ಕಾರಣ ಕೇಳಾಕ ನಾ ನಿನ್ನ ಕಂಪನಿಯಾಗ ಇಲ್ಲ. ನೀ ಮಗಳದಿ. ಸುಮ್ನ ಉಣ್ಣು.”

ಆ ರಾತ್ರಿಯೇ ನನಗೆ ಹಟ ಬಂತು. ಯಾವುದನ್ನೂ ಪರೀಕ್ಷೆ ಮಾಡದೆ ನಂಬದಿರುವುದು ನನ್ನ ಹೊಟ್ಟೆಪಾಡು. ಇದನ್ನೂ ಪರೀಕ್ಷಿಸೋಣ. ಭಾನುವಾರದ ಭಾಷಣಕ್ಕೆ ಮುಂಚೆ, ನಾನೇ ಅಂಗಡಿಗೆ ಹೋಗಿ, ನಮ್ಮ ಮಗುವಿಗೆ ಒಂದು ಜೊತೆ ಕಾಲುಚೀಲ ತರುವುದು. ಅದನ್ನು ಸಭೆಯಲ್ಲಿ ಎತ್ತಿ ಹಿಡಿದು, ‘ನೋಡಿ, ನನ್ನ ಕಾಲ ಕೆಳಗೆ ಇಂಥ ನಂಬಿಕೆ ಯಾವುದೂ ಇಲ್ಲ, ಇರುವುದೆಲ್ಲ ಶುದ್ಧ ವಿಚಾರ’ ಎನ್ನುವುದು. ಬೆಳಗ್ಗೆ ಅವ್ವನಿಗೆ ಸವಾಲು ಹಾಕಿದೆ. ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. “ತಾ. ಯಾರು ಬ್ಯಾಡ ಅಂದ್ರು?” ಎಂದು ತಲೆ ಎತ್ತದೆ ಸೊಪ್ಪು ಸೋಸಿದಳು. ಅದು ಇನ್ನೂ ಸಿಟ್ಟು ತರಿಸಿತು.

ಗಂಡನ ಬೆಂಬಲ ಕೇಳಿದೆ.

“ತಗೊಂಡ್ ಬಾ ಕಣೇ, ಅದರಲ್ಲೇನಿದೆ? ಈ ಕಾಲದಲ್ಲೂ ಇದನ್ನೆಲ್ಲ ಯಾರು ನಂಬ್ತಾರೆ?” ಎಂದ.

“ಹಾಗಾದರೆ ನೀನೇ ತಾ. ಆಫೀಸಿನಿಂದ ಬರ್ತಾ ದಾರಿಯಲ್ಲೇ ಅಂಗಡಿ ಇದೆ.”

“ನನಗೆ ಸೈಜ್ ಗೊತ್ತಾಗಲ್ಲ,” ಎಂದು ಟಿವಿ ಕಡೆ ತಿರುಗಿದ. ಹುಟ್ಟದ ಮಗುವಿನ ಪಾದದ ಅಳತೆ ನನಗೇನು ಗೊತ್ತಿತ್ತೇ, ಕೇಳಿ.

ಮೊದಲ ದಂಡಯಾತ್ರೆ ನಮ್ಮ ಆಫೀಸಿನ ಹತ್ತಿರದ ದೊಡ್ಡ ಗಾಜಿನ ಅಂಗಡಿಗೆ. ಒಳಗೆ ಎ.ಸಿ., ಮೆಲ್ಲಗೆ ಹಾಡು. ಮಕ್ಕಳ ವಿಭಾಗಕ್ಕೆ ನೇರವಾಗಿ ನಡೆದೆ. ಹೆಬ್ಬೆರಳಿಗಿಂತ ಒಂದಿಷ್ಟು ದೊಡ್ಡದಾದ ಕಾಲುಚೀಲಗಳು ಸಾಲಾಗಿ ತೂಗುತ್ತಿದ್ದವು. ಕೈ ಎತ್ತಿದೆ. ಎತ್ತಿದ ಕೈಯಿಂದ ತಲೆ ಕೆರೆದುಕೊಂಡೆ. ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಬಕೆಟ್ಟುಗಳು ಕಂಡವು. ನೀರು ಎರಡು ದಿನಕ್ಕೊಮ್ಮೆ ಟ್ಯಾಂಕರಿನಲ್ಲಿ ಬರುವ ಊರಿನಲ್ಲಿ ಬಕೆಟ್ಟು ಎಷ್ಟಿದ್ದರೂ ಬೇಕು ಎಂದು ಬುದ್ಧಿ ಹೇಳಿತು. ಎಷ್ಟು ವಿವೇಕದ ಬುದ್ಧಿ ನೋಡಿ! ಒಂದು ಕೆಂಪು ಬಕೆಟ್ ಹಿಡಿದು ಮನೆಗೆ ಬಂದೆ. ಅವ್ವ ಬಕೆಟ್ಟಿನೊಳಗೆ ಇಣುಕಿ ನೋಡಿ, ಅದನ್ನು ಬಚ್ಚಲಿಗೆ ಒಯ್ದಿಟ್ಟಳು.

ಎರಡನೆಯ ದಂಡಯಾತ್ರೆ ಶನಿವಾರ, ಕಾಚಿಗೂಡಕ್ಕೆ. ಮರುದಿನದ ಕುರ್ಚಿಗಳ ವ್ಯವಸ್ಥೆ ಮಾತಾಡಿಕೊಂಡು ಬರುವ ನೆಪ. ಸ್ಟೇಷನ್ನಿನ ಕಡೆ ಹೋಗುವ ರಸ್ತೆಯಲ್ಲಿ ಮಕ್ಕಳ ಬಟ್ಟೆಯ ಸಣ್ಣ ಅಂಗಡಿ ಇತ್ತು. ಎ.ಸಿ. ಇಲ್ಲ, ಹಾಡಿಲ್ಲ, ತಪ್ಪಿಸಿಕೊಳ್ಳಲು ಬಕೆಟ್ಟೂ ಇಲ್ಲ. ಧೈರ್ಯವಾಗಿ “ಕಾಲುಚೀಲ ತೋರಿಸಿ” ಎಂದು ಹಿಂದಿಯಲ್ಲಿ ಕೇಳಿದೆ.

“ಕಿತ್ನೆ ಮಹೀನೆ ಕಾ ಬಚ್ಚಾ ಹೈ, ಮೇಡಮ್?” ಎಂದ ಅಂಗಡಿಯವನು.

ಎಷ್ಟು ತಿಂಗಳ ಮಗು ಎಂದು ಕೇಳುತ್ತಿದ್ದ. ಇಷ್ಟು ಮುಂದೆ ಬಂದ ಹೊಟ್ಟೆ ಇಟ್ಟುಕೊಂಡು, “ನನಗಲ್ಲ, ಗೆಳತಿಯ ಮಗುವಿಗೆ, ಒಂದು ವರ್ಷ ತುಂಬಿದೆ,” ಎಂದೆ. ಅವನು ನನ್ನ ಹೊಟ್ಟೆ ನೋಡಿ, ಮುಖ ನೋಡಿ, ಸಭ್ಯ ಮನುಷ್ಯ, ವರ್ಷದ ಮಗುವಿನ ಕಾಲುಚೀಲ ಕಟ್ಟಿಕೊಟ್ಟ. ಅದನ್ನು ಮನೆಯೊಳಕ್ಕೂ ತರಲಾಗಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ನನ ಮಗಳ ಕಾಲಿಗೆ ತೊಡಿಸಿ, ಲಿಫ್ಟ್ ಹತ್ತಿದೆ.

ಆ ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿ, ‘ನಗು, ನಕ್ಕುಬಿಡು’ ಎಂದು ಕಾದು ಕೂತೆ. ಅವನು ನಗಲಿಲ್ಲ. ಬೆರಳು ಮುರಿದುಕೊಳ್ಳುತ್ತಾ ಹೇಳಿದ: ಅವನ ಆಫೀಸಿನ ಗೆಳೆಯ ಒಂದು ತಿಂಗಳ ಹಿಂದೆಯೇ ತನ್ನ ಮಗನ ತೊಟ್ಟಿಲು ಕೊಡಲು ಬಂದಿದ್ದನಂತೆ. ಇವನು ‘ನಿನ್ನ ಮನೆಯಲ್ಲೇ ಇರಲಿ, ನಮ್ಮಲ್ಲಿ ಜಾಗವಿಲ್ಲ’ ಎಂದು ಕಳಿಸಿದ್ದನಂತೆ. ನಮ್ಮ ಮನೆಯ ಎರಡನೆಯ ಕೋಣೆಯಲ್ಲಿ ಆಗ ಒಂದು ಮಡಚುವ ಕುರ್ಚಿ ಬಿಟ್ಟರೆ ಏನೂ ಇರಲಿಲ್ಲ. ಕ್ರಿಕೆಟ್ ಆಡುವಷ್ಟು ಜಾಗವಿತ್ತು.

ದೋಷ ಸಿಕ್ಕರೆ ಟೆಸ್ಟರಿಗೆ ಖುಷಿಯಾಗಬೇಕು. ನನಗೆ ಅಳು ಬಂತು. ವಿಚಾರಗಳನ್ನು ಕಪಾಟಿನಲ್ಲಿ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದೆ, ಸರಿ. ಕಾಲು ಮಾತ್ರ ಬೇರೆಲ್ಲೋ ನಿಂತಿತ್ತು. ಸ್ಪೇನಿನವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಮತ್ತು ಅವನ ಮೇಲೆ ನನಗೆ ಕೆಟ್ಟ ಕೋಪ ಬಂದಿತ್ತು.

ಭಾನುವಾರ ಅವ್ವನೂ ಹೊರಟಳು. “ನಾಲ್ಕು ಮಂದ್ಯಾಗ ನೀ ಏನ್ ಮಾತಾಡ್ತೀ ಅಂತ ನೋಡ್ತೀನಿ,” ಎಂದು ಜರಿಯಂಚಿನ ಇಳಕಲ್ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲೇ ಕೂತಳು. ಮಣಿಕೊಂಡದ ಬೀದಿಯ ಕಥೆಗೆ ಜನ ಚೆನ್ನಾಗಿ ನಕ್ಕರು. ರಾಜ, ಗಣರಾಜ್ಯ, ಯುದ್ಧ ಎಂದಾಗ ರೈಲ್ವೆಯ ಹಿರಿಯರು ತಲೆದೂಗಿದರು. ನಿಜಾಮರ ರಾಜ್ಯ ಮುಳುಗಿದ್ದನ್ನು ಕಣ್ಣಾರೆ ಕಂಡವರು ಅವರಲ್ಲಿದ್ದರು, ನೆಲ ಕುಸಿಯುವುದೆಂದರೇನು ಎಂದು ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಕಾಲುಚೀಲ ಎತ್ತಿ ಹಿಡಿಯಬೇಕಾಗಿದ್ದ ಜಾಗ ಬಂತು. ಕೈಯಲ್ಲಿ ಕಾಲುಚೀಲ ಇರಲಿಲ್ಲವಲ್ಲ.

“ನನ್ನ ಗೆಳತಿ ಒಬ್ಬಳಿದ್ದಾಳೆ,” ಎಂದು ಶುರು ಮಾಡಿದೆ. ಭಾರೀ ವಿಚಾರವಾದಿ, ಬಸುರಿ, ಮಗುವಿಗೆ ಕಾಲುಚೀಲ ಕೊಳ್ಳಲು ಹೋಗಿ ಬಕೆಟ್ ತಂದವಳು. ಜನ ಹೊಟ್ಟೆ ಹಿಡಿದು ನಕ್ಕರು. ಭಾಷಣ ಭರ್ಜರಿಯಾಯಿತು ಎಂದು ಹಿರಿಯರು ಮೈಕಿನಲ್ಲೇ ಹೊಗಳಿದರು. ಅವ್ವ ಮಾತ್ರ ನಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು.

ಮಿರ್ಚಿ ಮುಗಿಸಿ ಕೆಳಗಿಳಿದೆವು. ಗಂಡ ಆಟೋ ಹುಡುಕಲು ಮುಂದೆ ಹೋದ. ಅವ್ವ ನನ್ನ ಮೊಣಕೈ ಹಿಡಿದು ನಿಧಾನಕ್ಕೆ ನಡೆಸುತ್ತಾ ಕೇಳಿದಳು.

“ಆ ನಿನ್ನ ಗೆಳತಿಗೆ ಅವ್ವ ಅದಾಳೇನು?”

“ಅದಾಳ,” ಎಂದೆ. ಬೇರೇನು ಹೇಳಲಿ?

“ಆಕಿ ಅವ್ವನ ಬಗ್ಗಿ ಆಕಿ ಏನ್ ತಿಳ್ಕೊಂಡಾಳ? ತೊಟ್ಟಲಾ ತಂದ್ರ ಕೂಸು ಸಾಯ್ತಾವ, ತರದಿದ್ರ ಉಳೀತಾವ ಅಂತ ನಂಬ್ಯಾಳ, ಹುಚ್ಚಿ, ಹಂಗೇನು?”

“ಮತ್ತ್ಯಾಕ ಬ್ಯಾಡ ಅಂತಾಳ?”

ಅವ್ವ ನಿಂತಳು. ಎದುರಿಗೆ ಸ್ಟೇಷನ್ನಿಗೆ ಹೋಗುವವರು ಟ್ರಂಕು, ಚೀಲ ಹೊತ್ತು ನಮ್ಮನ್ನು ಸುತ್ತಿಕೊಂಡು ಹೋಗುತ್ತಿದ್ದರು. “ಹೋದ ಸಲ ಆ ಹುಡುಗಿ ದವಾಖಾನಿಯಾಗ ಮಲಗಿದ್ಲು. ಆಕಿ ಗಂಡ ಗ್ವಾಡಿಗೆ ತಲಿ ಕೊಟ್ಟು ಕೂತಿದ್ದ, ಅವಗ ಮನಿಗೆ ಹೋಗಾಕ ಆಗವಲ್ದು. ಆಕಿ ಅವ್ವ ಅವನ ಕಡಿಂದ ಕೀಲಿ ಇಸ್ಕೊಂಡು ಹೋದ್ಲು. ಒಬ್ಬಾಕಿನ. ತೊಟ್ಟಲಾ ಬಿಚ್ಚಿದ್ಲು. ಆ ಸಣ್ಣ ಸಣ್ಣ ಅಂಗಿ ಮಡಚಿದ್ಲು. ಒಂದು ಆಟಿಗಿ ಇತ್ತು, ಕೈ ತಾಗಿದ ಕೂಡ್ಲೆ ಕಿಲಕಿಲ ಅಂತು. ಅದರ ಬಾಯಿ ಮುಚ್ಚಿಸೂದು ಹೆಂಗಂತ ಆಕಿಗೆ ತಿಳೀಲಿಲ್ಲ. ಸೀರ್ಯಾಗ ಸುತ್ತಿ, ಎದಿಗೆ ಒತ್ತಿ ಹಿಡ್ಕೊಂಡು ಕೂತ್ಲು, ಕತ್ತಲಾಗೂತನಕ.”

ಟ್ರಂಕು ಹೊತ್ತವನೊಬ್ಬನಿಗೆ ದಾರಿ ಬಿಡಲು ಅವ್ವ ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು.

“ಮಗಳು ಬರಿಗೈಲೆ ಮನಿಗೆ ಬಂದಾಗ ಕಣ್ಣಿಗೆ ಏನೂ ಬೀಳಬಾರದು. ಅಷ್ಟ. ದೇವರಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ನಮ್ಮವ್ವ ಹೇಳಿದ್ಲು, ಆಕಿಗೆ ಆಕಿ ಅವ್ವ ಹೇಳಿದ್ಲು. ಎಷ್ಟು ಮಂದಿ ಎಷ್ಟು ತೊಟ್ಟಲಾ ಬಿಚ್ಚಿರಬೇಕು ಹೇಳು, ಇಂಥಾದ್ದೊಂದು ಮಾತು ಹುಟ್ಟಬೇಕಂದ್ರ.”

ಸ್ಪೇನಿನವನು ಇದನ್ನೂ ಒಂದು ಕಡೆ ಹೇಳಿದ್ದಾನೆ. ನಮ್ಮ ಕಾಲ ಕೆಳಗಿನ ನಂಬಿಕೆಗಳು ನಮ್ಮ ತಲೆಯಲ್ಲಿ ಹುಟ್ಟಿದವಲ್ಲ. ಹಿಂದಿನವರು ಪಟ್ಟ ಪಾಡಿನಿಂದ ಬಂದು, ನಾವು ಹುಟ್ಟುವ ಮೊದಲೇ ಅಲ್ಲಿ ಹಾಸಿ ಬಿದ್ದಿರುತ್ತವೆ ಎಂಬ ಅರ್ಥದಲ್ಲಿ. ಅದನ್ನು ನಾನು ಭಾಷಣದಲ್ಲಿ ಬಹಳ ಚೆನ್ನಾಗಿ ವಿವರಿಸಿದ್ದೆ. ಒಂದು ಅಕ್ಷರವೂ ನನಗೆ ಅರ್ಥವಾಗಿರಲಿಲ್ಲ.

“ಆಕಿ ಗಂಡ ತೆಗೆದಾನ ಅಂತ ತಿಳಕೊಂಡಿದ್ಲು, ಬೇ,” ಎಂದೆ.

“ತಿಳ್ಕೊಳ್ಳಲಿ. ಅದರಾಗೇನೈತಿ.” ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಒಮ್ಮೆಲೇ ಬೇರೆ ಹೆಂಗಸಾಗಿಬಿಟ್ಟಳು. “ಅಂಗಡಿ ಎಲ್ಲೈತಿ?”

“ಯಾವ ಅಂಗಡಿ?”

“ಕಾಲ್ಚೀಲದ್ದು. ನಡಿ. ಬಕೀಟ್ ತರೂ ಹೆಂಗಸಿನ ಕೈಲೆ ಆಗೂ ಕೆಲಸ ಅಲ್ಲ ಅದು.”

“ಬ್ಯಾಡ ಬೇ. ನೀನ ಹೇಳಿದ್ಯಲ್ಲ, ಒಂದು ದಾರ ಸೈತ…”

“ನೀ ಹೆದರ್ಕೊಂಡು ಕೂತೀದಿ. ಅಂಜಿಕಿ ಹೊಟ್ಟ್ಯಾಗ ಇಟ್ಕೊಂಡು ಕೂಸು ಹೊರಬಾರದು. ತಗೊಳ್ಳೋಣ ನಡಿ.” ಎರಡು ಹೆಜ್ಜೆ ಇಟ್ಟು, ನನ್ನ ಕಡೆ ನೋಡದೆಯೇ ಹೇಳಿದಳು: “ತೆಗೆದಿಡೂದು ಬಂದ್ರ ನಾ ಇದ್ದೀನಿ.”

ಹಿಂದಿನ ದಿನದ ಅಂಗಡಿಯವನು ನನ್ನನ್ನು ಗುರುತು ಹಿಡಿದ. “ಗೆಳತಿಯ ಮಗುವಿಗೆ ಸರಿಹೋಯಿತೇ?” ಎಂದು ಹಿಂದಿಯಲ್ಲಿ ಬಲು ಗಂಭೀರವಾಗಿ ಕೇಳಿದ. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ, ರಾಯಚೂರಿನ ಉರ್ದುವಿನಲ್ಲಿ, ರಸ್ತೆಗೆಲ್ಲ ಕೇಳುವಂತೆ, “ಮೇರಿ ಬೇಟಿ ಕೆ ಬಚ್ಚೇ ಕು ಹೋನಾ. ಅಬೀ ಆಯಾ ನೈ, ಆತಾ!” ಎಂದಳು. ನನ್ನ ಮಗಳ ಮಗುವಿಗೆ ಬೇಕು, ಇನ್ನೂ ಬಂದಿಲ್ಲ, ಬರುತ್ತದೆ! ಆ ಒಂದು ವಾಕ್ಯವನ್ನು ನಮ್ಮ ಮನೆಯಲ್ಲಿ ಇಷ್ಟು ತಿಂಗಳಲ್ಲಿ ಯಾರೂ ಆಡಿರಲಿಲ್ಲ. ಆಟೋ ತಂದ ನನ್ನ ಗಂಡ ಅಂಗಡಿಯ ಮೆಟ್ಟಿಲ ಮೇಲೆ ಬಾಯಿ ತೆರೆದುಕೊಂಡು ನಿಂತಿದ್ದ. ಅವ್ವ ಹಳದಿಯದೊಂದು ಜೊತೆ ಆರಿಸಿ, ಜಗ್ಗಿ ನೋಡಿ, ಬಟ್ಟೆ ಬಿರುಸು ಎಂದು ಬೈದು, ಹಸಿರಿನದನ್ನು ತೆಗೆದುಕೊಂಡಳು. “ಅಳಿಯಂದ್ರ, ಆ ತೊಟ್ಟಲಾ ನಾಳೆ ತರ್ರಿ. ಜಾಗ ಇಲ್ಲಂದ್ರ ನಾ ಅಡಗಿ ಮನ್ಯಾಗ ಮಲಗ್ತೀನಿ,” ಎಂದಳು. ಗೋಡೆಗೂ ಕಿವಿಯಿರುವ ಮನೆ ನಮ್ಮದು. ತೊಟ್ಟಿಲಿನ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಪಾಪ, ಅವನ ಕಿವಿ ಕೆಂಪಗಾದದ್ದನ್ನು ನೋಡಬೇಕಿತ್ತು.

ಏಳನೇ ತಿಂಗಳು ಬಂತು. ನಾನು ಉಸಿರು ಬಿಗಿಹಿಡಿದೇ ಓಡಾಡಿದೆ ಎಂದರೆ ಸುಳ್ಳಲ್ಲ. ಭಯ ಹೋಯಿತು ಎಂದು ಹೇಳಿದರೆ ಅದೂ ಸುಳ್ಳೇ. ಆದರೆ ಈಗ ಭಯದ ಪಕ್ಕದಲ್ಲಿ ಅವ್ವ ಕೂತಿದ್ದಳು. ಮಧ್ಯಾಹ್ನ ಬಂಡೆ ಸಿಡಿಯುವ ಹೊತ್ತಿಗೆ ಅವಳು ಬಾಲ್ಕನಿಗೆ ಬಂದು, ಕೆಳಗಿನ ಕಲ್ಲುಕೆಲಸದವರನ್ನು “ಏ ತಮ್ಮಗೋಳ್ರ್ಯಾ, ಬಸುರಿ ಅದಾಳ, ಸೀಟಿ ಊದಿ ಹಾರಸ್ರೋ!” ಎಂದು ಕೂಗುತ್ತಿದ್ದಳು. ಎಲ್ಲ ನಮ್ಮ ಯಾದಗಿರಿ, ದೇವದುರ್ಗದ ಕಡೆಯವರೇ. ಆಮೇಲಾಮೇಲೆ ಅವರು ನಮ್ಮ ಬಾಲ್ಕನಿ ನೋಡಿ, ಸೀಟಿ ಊದಿ, “ಹಾರಸ್ಲೇನ್ ಯವ್ವಾ?” ಎಂದು ಅಪ್ಪಣೆ ಕೇಳತೊಡಗಿದರು. ಕೋಟಿ ವರ್ಷದ ಬಂಡೆಗಳು ಅವ್ವನ ಕೈ ಸನ್ನೆಗೆ ಕಾಯುತ್ತಿದ್ದವು. ಏಳು ಕಳೆಯಿತು, ಎಂಟು ಕಳೆಯಿತು. ಒಂಬತ್ತು ತುಂಬಿದ ಮೇಲೆ ಒಂದು ಬೆಳಗ್ಗೆ ನೋವು ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಹುಟ್ಟಿದ ಕೂಡಲೇ ಅದು ಕಿರುಚಿದ ಬಗೆ ಕೇಳಿ, ‘ಟೆಸ್ಟಿಂಗಿಗೆ ಸರಿಯಾದ ಜನ’ ಎಂದು ನನ್ನ ಗಂಡ ಅಳುತ್ತಾ ನಕ್ಕ.

ವಾರ್ಡಿನಲ್ಲಿ ಪಕ್ಕದ ಮಂಚದ ಹುಡುಗಿಗೆ ಜೊತೆಯಾಗಿ ಬಂದಿದ್ದ, ಹೈದರಾಬಾದಿನ ಹಳೇ ಪೇಟೆಯ ಕಡೆಯ ಅಜ್ಜಿ ಬಲು ಮಾತಿನವರು. ಮಗುವನ್ನು ಬಗ್ಗಿ ನೋಡಿ, ದೃಷ್ಟಿ ತೆಗೆದು, “ಪೈಲಾ ಹೈ ನಾ?” ಎಂದು ಕೇಳಿದರು. ಮೊದಲನೆಯದೇ ಎಂಬ ಈ ಪ್ರಶ್ನೆಯನ್ನು ಇಷ್ಟು ತಿಂಗಳೂ ಯಾರ್ಯಾರೋ ಕೇಳಿದ್ದರು, ಆಫೀಸಿನಲ್ಲಿ, ಲಿಫ್ಟಿನಲ್ಲಿ, ಕಾಚಿಗೂಡದ ಮಾಳಿಗೆಯಲ್ಲಿ. ಎಲ್ಲರಿಗೂ ಹೌದೆಂದೇ ಹೇಳಿದ್ದೆ. ಹಾಗೆ ಹೇಳಿದರೇ ಕೇಳಿದವರಿಗೂ ನೆಮ್ಮದಿ, ನನಗೂ ನೆಮ್ಮದಿ. ಈಗಲೂ ಹೌದು ಎನ್ನಲು ಬಾಯಿ ತೆರೆದೆ.

“ನೈ ಜೀ,” ಎಂದಳು ಅವ್ವ, ಮಗುವಿನ ಹೊದಿಕೆ ಸರಿಮಾಡುತ್ತಾ. “ದೂಸ್ರಾ.”

ಎರಡನೆಯದು. ಹೊತ್ತಲ್ಲದ ಹೊತ್ತಿನಲ್ಲಿ ಸತ್ತವರ ಸುದ್ದಿ ಎತ್ತದ ಅವ್ವ, ಈಗಷ್ಟೇ ಹುಟ್ಟಿದ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡೇ ಅದನ್ನು ಹೇಳಿದಳು. ಆ ಅಜ್ಜಿ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಹತ್ತಿರ ಬಂದು ನನ್ನ ತಲೆ ಸವರಿದರು. ನಾನು ಮಗುವನ್ನು ಎದೆಗೆ ಅಪ್ಪಿಕೊಂಡು, ಲಿಂಗಂಪಲ್ಲಿಯ ಮನೆಗೆ ಬರಿಗೈಯಲ್ಲಿ ಬಂದ ದಿನ ಅಳದೇ ಉಳಿಸಿದ್ದನ್ನೆಲ್ಲ ಅತ್ತೆ. ಅವ್ವ ಹೇಳುವವರೆಗೆ, ನಾನು ಎರಡು ಮಕ್ಕಳ ತಾಯಿ ಎಂದು ನನಗೆ ಗೊತ್ತೇ ಇರಲಿಲ್ಲ.